ಕ್ಯಾಡ್ಬರಿ ಒಳ್ಳೆಯ ಮನುಷ್ಯನಾಗಿದ್ದನೇ? ಡೈರಿ ಮಿಲ್ಕ್ ಹೊದಿಕೆಯ ಮೇಲಿನ ಹೆಸರಿನ ಕತೆ

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ನಮ್ಮೂರು ಖಟಕ ಚಿಂಚೋಳಿ, ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕು. ಚಿಂಚೋಳಿ ಅಂದ ಕೂಡಲೇ ಬೆಂಗಳೂರಿನ ಗೆಳೆಯರು ಕಲಬುರಗಿ ಜಿಲ್ಲೆಯದು ಅಂದುಕೊಳ್ಳುತ್ತಾರೆ. ಅದು ಬೇರೆ, ಇದು ಬೇರೆ. ಅಕ್ಕನ ಮಗಳ ಹುಟ್ಟಿದ ದಿನ ಇತ್ತು. ಕಿರಾಣಿ ಅಂಗಡಿಯಲ್ಲಿ ಒಂದು ಡೈರಿ ಮಿಲ್ಕ್ ಕೇಳಿದೆ. ನಮ್ಮ ಕಡೆಯ ಬಿಸಿಲಿಗೆ ಚಾಕಲೇಟ್ ಹೊರಗಿಟ್ಟರೆ ಕರಗಿ ನೀರಾಗ್ತದೆ. ಅಂಗಡಿಯವರು ಅದನ್ನು ಹಾಲಿನ ಪಾಕೀಟು, ಥಂಡಾ ಬಾಟ್ಲಿಗಳ ಜತೆ ಫ್ರಿಜ್‌ನೊಳಗೆ ಇಟ್ಟಿದ್ದರು.

ಹುಡುಗಿ ಈಗಷ್ಟೇ ಇಂಗ್ಲಿಷ್ ಕೂಡಿಸಿ ಓದಲು ಕಲಿತಿದ್ದಾಳೆ. ನೇರಳೆ ಹೊದಿಕೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಕ್ಯಾಡ್ಬರಿ ಅಂದ್ರ ಏನ್ ಮಾಮಾ ಅಂತ ಕೇಳಿದಳು. ಒಬ್ಬ ಮನಷ್ಯಾನ ಹೆಸರು ಅಂದೆ. ಛೊಲೊ ಮನಷ್ಯಾ ಇದ್ನಾ ಅಂತ ಇನ್ನೊಂದು ಪ್ರಶ್ನೆ ಬಂತು. ಅಷ್ಟರಲ್ಲಿ ಅವಳ ಗಮನ ಚಾಕಲೇಟ್ ಕಡೆ ಹೋಯಿತು. ನಾನು ಮಾತ್ರ ಆ ಪ್ರಶ್ನೆಯಲ್ಲೇ ಸಿಕ್ಕಿಹಾಕಿಕೊಂಡೆ. ಯಾಕಂದ್ರೆ ಅದಕ್ಕೆ ಹೌದು ಅಥವಾ ಇಲ್ಲ ಅಂತ ಒಂದೇ ಪದದಲ್ಲಿ ಉತ್ತರ ಹೇಳೋಕೆ ಆಗಲ್ಲ. ನಮ್ಮಂಥ ರಾಜಕೀಯ ಮಾತಾಡುವವರು, ಒಳ್ಳೆಯ ಕಂಪನಿ ಮತ್ತು ಕೆಟ್ಟ ಕಂಪನಿ ಅಂತ ಬೇಗ ಬೇಗ ವಿಂಗಡಿಸುವವರು, ಆ ಮನುಷ್ಯನ ಬದುಕನ್ನು ಒಮ್ಮೆ ನೋಡಲೇಬೇಕು ಅಂತ ನನಗನ್ನಿಸುತ್ತದೆ.

ಪಾದ್ರಿಯಿಲ್ಲದ ಧರ್ಮದವರು

ಜಾರ್ಜ್ ಕ್ಯಾಡ್ಬರಿ ಹುಟ್ಟಿದ್ದು 1839ರ ಸೆಪ್ಟೆಂಬರ್ 19ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಅಪ್ಪ ಜಾನ್ ಕ್ಯಾಡ್ಬರಿ 1824ರಲ್ಲಿ ಅದೇ ನಗರದ ಬುಲ್ ಸ್ಟ್ರೀಟ್‌ನಲ್ಲಿ ಚಹಾ, ಕಾಫಿ, ಕೋಕೋ ಮಾರುವ ಅಂಗಡಿ ತೆರೆದಿದ್ದ. 1831ರಿಂದ ಕೋಕೋವನ್ನು ತಾನೇ ತಯಾರಿಸತೊಡಗಿದ. ಆಗ ಚಾಕಲೇಟ್ ಅಂದರೆ ಕುಡಿಯುವ ಪದಾರ್ಥ. ಕಚ್ಚಿ ತಿನ್ನುವ ಬಾರ್ ಇನ್ನೂ ಹುಟ್ಟಿರಲಿಲ್ಲ.

ಈ ಮನೆತನದವರು ಕ್ವೇಕರ್ ಪಂಥದವರು. ಪಾದ್ರಿ ಇಲ್ಲ, ಪೂಜೆ ಇಲ್ಲ, ಮೂರ್ತಿ ಇಲ್ಲ. ವಾರಕ್ಕೊಮ್ಮೆ ಸುಮ್ಮನೆ ಕೂಡುತ್ತಿದ್ದರು. ಒಳಗಿನಿಂದ ಮಾತು ಬಂದವರು, ಗಂಡಾಗಲಿ ಹೆಣ್ಣಾಗಲಿ, ಎದ್ದು ಮಾತಾಡುತ್ತಿದ್ದರು. ದೊರೆಗಳ ಮುಂದೆ ಟೋಪಿ ತೆಗೆಯುತ್ತಿರಲಿಲ್ಲ, ಯುದ್ಧಕ್ಕೆ ಹೋಗುತ್ತಿರಲಿಲ್ಲ, ಕೋರ್ಟಿನಲ್ಲಿ ಪ್ರಮಾಣ ಮಾಡುತ್ತಿರಲಿಲ್ಲ. ಬಸವಕಲ್ಯಾಣದ ನೆರೆಯಲ್ಲಿ ಬೆಳೆದ ನನಗೆ ಇದನ್ನು ಮೊದಲ ಸಲ ಓದಿದಾಗ ಎಲ್ಲೋ ಕೇಳಿದ ಮಾತು ಅನಿಸಿತು. ಎಲ್ಲರೊಳಗೂ ಬೆಳಕಿದೆ, ದುಡಿಮೆಯೇ ಪೂಜೆ, ದುಡಿದದ್ದರಲ್ಲಿ ಹಂಚಿ ತಿನ್ನಬೇಕು ಎಂಬ ನಂಬಿಕೆ ನಮಗೂ ಗೊತ್ತಿರುವುದೇ ಅಲ್ಲವೇ?

ಈ ಪಂಥದವರಿಗೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ಪದವಿ ಹತ್ತೊಂಬತ್ತನೇ ಶತಮಾನದ ನಡುವಿನವರೆಗೂ ಸಿಗುತ್ತಿರಲಿಲ್ಲ. ಸೇನೆ ಅವರಿಗೇ ಬೇಡ. ಉಳಿದದ್ದು ವ್ಯಾಪಾರ. ಅದರಲ್ಲೂ ಹೆಂಡ ಸಾರಾಯಿ ವ್ಯಾಪಾರ ನಿಷಿದ್ಧ. ಕೂಲಿಯವರ ಮನೆಗಳನ್ನು ಕುಡಿತ ಹಾಳು ಮಾಡುವುದನ್ನು ಕಂಡಿದ್ದ ಇವರಿಗೆ, ಹೆಂಡದ ಬದಲು ಜನರ ಕೈಗೆ ಬಿಸಿ ಕೋಕೋ ಲೋಟ ಕೊಡಬೇಕು ಅನ್ನುವ ಹಂಬಲವಿತ್ತು. ಬ್ರಿಸ್ಟಲ್‌ನ ಫ್ರೈ, ಯಾರ್ಕ್‌ನ ರೌಂಟ್ರಿ, ಬರ್ಮಿಂಗ್‌ಹ್ಯಾಮ್‌ನ ಕ್ಯಾಡ್ಬರಿ, ಈ ಮೂರೂ ಚಾಕಲೇಟ್ ಮನೆತನಗಳು ಕ್ವೇಕರ್ ಆಗಿದ್ದುದಕ್ಕೆ ಇದೇ ಕಾರಣ.

ಮುಳುಗುವ ಅಂಗಡಿಯಿಂದ ಡೈರಿ ಮಿಲ್ಕ್‌ವರೆಗೆ

1861ರಲ್ಲಿ ಅಪ್ಪ ಕೈಬಿಟ್ಟ ವ್ಯಾಪಾರವನ್ನು ಅಣ್ಣ ರಿಚರ್ಡ್ ಮತ್ತು ಜಾರ್ಜ್ ವಹಿಸಿಕೊಂಡರು. ಜಾರ್ಜ್‌ಗೆ ಆಗ 21 ವರ್ಷ. ಕಂಪನಿ ನಷ್ಟದಲ್ಲಿತ್ತು. ತೀರಿಕೊಂಡ ತಾಯಿಯಿಂದ ಬಂದ ತಲಾ 4,000 ಪೌಂಡನ್ನು ಅಣ್ಣತಮ್ಮಂದಿರು ಅದಕ್ಕೇ ಸುರಿದರು. ಬೆಳಗಿನ ಜಾವದಿಂದ ರಾತ್ರಿವರೆಗೆ ದುಡಿತ, ಊಟ ಬಟ್ಟೆಯಲ್ಲಿ ಹಿಡಿತ. ಇನ್ನೇನು ಬಾಗಿಲು ಮುಚ್ಚಬೇಕು ಅನ್ನುವ ಹಂತಕ್ಕೆ ಬಂದಿದ್ದರು.

ಅವರನ್ನು ಉಳಿಸಿದ್ದು ಒಂದು ಯಂತ್ರ. ಕೋಕೋ ಬೀಜದಲ್ಲಿ ಅರ್ಧದಷ್ಟು ಕೊಬ್ಬೇ ಇರುತ್ತದೆ. ಪುಡಿ ಮಾಡಿ ಬಿಸಿನೀರಿಗೆ ಹಾಕಿದರೆ ಎಣ್ಣೆ ಮೇಲೆ ತೇಲುತ್ತಿತ್ತು. ಅದನ್ನು ಮುಚ್ಚಿಡಲು ತಯಾರಕರು ಪಿಷ್ಟ, ಹಿಟ್ಟು ಬೆರೆಸುತ್ತಿದ್ದರು. ಕೆಲವರು ಬಣ್ಣಕ್ಕೆ ಇಟ್ಟಿಗೆ ಪುಡಿಯನ್ನೂ ಸೇರಿಸುತ್ತಿದ್ದರು. ಕ್ಯಾಡ್ಬರಿಯವರೂ ಪಿಷ್ಟ ಬೆರೆಸುತ್ತಿದ್ದವರೇ. ನೆದರ್ಲೆಂಡ್ಸ್‌ನ ವ್ಯಾನ್ ಹೌಟನ್ ಕಂಪನಿಯ ಬಳಿ ಕೊಬ್ಬನ್ನು ಹಿಂಡಿ ತೆಗೆಯುವ ಒತ್ತುಯಂತ್ರವಿತ್ತು. ಡಚ್ ಭಾಷೆಯ ಗಂಧವೂ ಇಲ್ಲದ ಜಾರ್ಜ್ ಅಲ್ಲಿಗೇ ಹೋಗಿ ಯಂತ್ರ ತಂದ. 1866ರಲ್ಲಿ ಬೆರಕೆಯಿಲ್ಲದ ಕೋಕೋ ಪುಡಿ ಮಾರುಕಟ್ಟೆಗೆ ಬಂತು. ಕಲಬೆರಕೆಯ ವಿರುದ್ಧ ಡಾಕ್ಟರುಗಳು, ಪತ್ರಿಕೆಗಳು ದನಿ ಎತ್ತಿದ್ದ ಕಾಲ ಅದು. 1870ರ ದಶಕದಲ್ಲಿ ಕಾನೂನೂ ಬಂತು. ಶುದ್ಧ ಅನ್ನುವ ಪದವೇ ಕ್ಯಾಡ್ಬರಿಯ ಬಂಡವಾಳವಾಯಿತು. ಈ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಿಂಡಿ ತೆಗೆದ ಕೊಬ್ಬನ್ನು ಏನು ಮಾಡೋದು? ಅದರಿಂದಲೇ ಬಾರ್ ಹುಟ್ಟಿದ್ದು. ಕೋಕೋ ಮುದ್ದೆಗೆ ಸಕ್ಕರೆ, ಜತೆಗೆ ಹೆಚ್ಚುವರಿ ಕೋಕೋ ಬೆಣ್ಣೆ ಸೇರಿಸಿದರೆ ಅಚ್ಚಿಗೆ ಹೊಯ್ಯಬಹುದಾದ ಪಾಕ ಬರುತ್ತದೆ. ಆರಿದರೆ ಗಟ್ಟಿ, ಬಾಯಿಗಿಟ್ಟರೆ ಕರಗುತ್ತದೆ. 1847ರಲ್ಲೇ ಫ್ರೈ ಕಂಪನಿ ಇದನ್ನು ಮಾಡಿ ತೋರಿಸಿತ್ತು. 1875ರಲ್ಲಿ ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ ಹಾಲು ಬೆರೆಸಿದ ಚಾಕಲೇಟ್ ಮಾಡಿದ. ಬ್ರಿಟನ್ನಿನ ಅಂಗಡಿಗಳಲ್ಲಿ ಸ್ವಿಸ್ ಬಾರ್‌ಗಳೇ ರಾಜ್ಯಭಾರ ಮಾಡುತ್ತಿದ್ದವು. ಕ್ಯಾಡ್ಬರಿಯವರು 1897ರಲ್ಲಿ ಮಾಡಿದ ಮೊದಲ ಹಾಲಿನ ಬಾರ್ ಒರಟೊರಟಾಗಿತ್ತು, ಯಾರಿಗೂ ಹಿಡಿಸಲಿಲ್ಲ. ಜಾರ್ಜ್‌ನ ಅದೇ ಹೆಸರಿನ ಮಗ ವರ್ಷಗಟ್ಟಲೆ ಪ್ರಯೋಗ ಮಾಡಿದ. ಬೇರೆಯವರಿಗಿಂತ ಹೆಚ್ಚು ಹಾಲು ಹಾಕಿದ ಬಾರ್ 1905ರಲ್ಲಿ ಬಂತು. ಅದೇ ಡೈರಿ ಮಿಲ್ಕ್. ಹತ್ತು ವರ್ಷದೊಳಗೆ ಅದು ಕಂಪನಿಯ ಅತಿ ಹೆಚ್ಚು ಮಾರಾಟವಾಗುವ ಸರಕಾಯಿತು. ಶ್ರೀಮಂತರ ಬಟ್ಟಲಲ್ಲಿದ್ದ ಚಾಕಲೇಟ್ ಕೂಲಿಯವರ ಮಕ್ಕಳ ಜೇಬಿಗೆ ಇಳಿಯಿತು.

ಬಾರ್ ಇಲ್ಲದ ಊರು

ಇಷ್ಟೇ ಆಗಿದ್ದರೆ ಜಾರ್ಜ್ ಇನ್ನೊಬ್ಬ ಜಾಣ ವ್ಯಾಪಾರಿ ಆಗಿ ಉಳಿಯುತ್ತಿದ್ದ. ಆತ ಪ್ರತಿ ಭಾನುವಾರ ಬೆಳಿಗ್ಗೆ ಬರ್ಮಿಂಗ್‌ಹ್ಯಾಮ್‌ನ ವಯಸ್ಕರ ಶಾಲೆಯಲ್ಲಿ ಕೂಲಿಯವರಿಗೆ ಓದು ಬರಹ ಕಲಿಸುತ್ತಿದ್ದ. ಒಂದೆರಡು ವರ್ಷವಲ್ಲ, ಸುಮಾರು ಐವತ್ತು ವರ್ಷ. ಅವರ ಮನೆಗಳಿಗೆ ಹೋಗುತ್ತಿದ್ದ. ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ, ಗಾಳಿ ಬೆಳಕಿಲ್ಲದ ಕೋಣೆಗಳು. ಇಂಥ ಜಾಗದಲ್ಲಿ ಇಟ್ಟು, ಕುಡೀಬೇಡಿ ಅಂತ ಉಪದೇಶ ಮಾಡಿದರೆ ಏನು ಪ್ರಯೋಜನ ಅನ್ನುವುದು ಆತನಿಗೆ ಅರಿವಾಯಿತು. ಬಡವರ ನಡತೆಯನ್ನು ದೂರುವ ಮೊದಲು ಬಡವರ ಮನೆ ನೋಡಬೇಕು ಅನ್ನುವುದು ಆ ಕಾಲದ ಮಾಲೀಕರಲ್ಲಿ ಅಪರೂಪದ ತಿಳಿವಳಿಕೆ.

1879ರಲ್ಲಿ ಅಣ್ಣತಮ್ಮಂದಿರು ಕಾರ್ಖಾನೆಯನ್ನು ನಗರದಿಂದ ಕೆಲವು ಮೈಲಿ ಆಚೆ ಹೊಲಗದ್ದೆಗಳ ನಡುವೆ ಒಯ್ದರು. ಅದಕ್ಕೆ ಬೋರ್ನ್‌ವಿಲ್ ಅಂತ ಹೆಸರಿಟ್ಟರು. ಇವತ್ತು ಅದೇ ಹೆಸರಿನ ಕಪ್ಪು ಚಾಕಲೇಟನ್ನು ನೀವು ತಿಂದಿರುತ್ತೀರಿ. ಆಟದ ಮೈದಾನ, ಊಟದ ಮನೆ, ಶನಿವಾರ ಅರ್ಧ ದಿನ ರಜೆ ಇತ್ತು. 1895ರಲ್ಲಿ ಜಾರ್ಜ್ 120 ಎಕರೆ ಕೊಂಡು ಮನೆಗಳನ್ನು ಕಟ್ಟಿಸತೊಡಗಿದ. ಜಾಗದ ಕಾಲು ಭಾಗಕ್ಕಿಂತ ಹೆಚ್ಚಿನದನ್ನು ಮನೆ ಆಕ್ರಮಿಸಬಾರದು, ಉಳಿದದ್ದು ತೋಟ. ಹಿತ್ತಿಲಲ್ಲಿ ಹಣ್ಣಿನ ಗಿಡ. ಮನೆಗಳು ಬರೀ ಕಾರ್ಖಾನೆಯವರಿಗೆ ಮೀಸಲಲ್ಲ, ಹೊರಗಿನವರಿಗೂ ಇದ್ದವು. ನಮ್ಮ ಕಡೆ ಬಾರ್ ಅಂದರೆ ಅರ್ಥವೇ ಬೇರೆ. ಲೋಕಕ್ಕೆಲ್ಲ ಚಾಕಲೇಟ್ ಬಾರ್ ಹಂಚಿದ ಈತ, ತನ್ನ ಊರಿನಲ್ಲಿ ಮಾತ್ರ ಆ ಇನ್ನೊಂದು ಬಾರ್‌ಗೆ ಜಾಗ ಕೊಡಲಿಲ್ಲ.

1899ರಲ್ಲಿ ಅಣ್ಣ ರಿಚರ್ಡ್ ಜೆರುಸಲೇಮಿನಲ್ಲಿ ತೀರಿಕೊಂಡ. ಮರುವರ್ಷ ಜಾರ್ಜ್ ಇಡೀ ಊರನ್ನು, 330 ಎಕರೆ ಮತ್ತು 300ಕ್ಕೂ ಹೆಚ್ಚು ಮನೆಗಳನ್ನು, ಒಂದು ಟ್ರಸ್ಟಿಗೆ ಬರೆದುಕೊಟ್ಟ. ಬಾಡಿಗೆಯಿಂದ ಬರುವ ಹಣ ಇನ್ನಷ್ಟು ಮನೆ ಕಟ್ಟಲಿಕ್ಕೇ ಹೋಗಬೇಕು, ತನ್ನ ಮಕ್ಕಳಿಗೆ ಅದರ ಲಾಭ ಬರಬಾರದು ಅನ್ನುವ ಏರ್ಪಾಟು. ಆತನಿಗೆ ಹನ್ನೊಂದು ಮಕ್ಕಳಿದ್ದರು ಅನ್ನುವುದನ್ನೂ ಗಮನಿಸಿ. ತಾನಿದ್ದ ವುಡ್‌ಬ್ರೂಕ್ ಎಂಬ ಮನೆಯನ್ನು 1903ರಲ್ಲಿ ಕ್ವೇಕರ್ ಅಧ್ಯಯನ ಕೇಂದ್ರಕ್ಕೆ ಕೊಟ್ಟ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಇಂಗ್ಲೆಂಡಿಗೆ ಹೋದ ಗಾಂಧಿ ಆ ಮನೆಗೆ ಭೇಟಿ ಕೊಟ್ಟಿದ್ದರು.

ಎಲ್ಲವೂ ಚೆಂದವಿತ್ತು ಅಂತಲ್ಲ. ಮದುವೆಯಾದ ಹೆಣ್ಣುಮಕ್ಕಳಿಗೆ ಆ ಕಾರ್ಖಾನೆಯಲ್ಲಿ ಕೆಲಸವಿರಲಿಲ್ಲ. ಹೆಂಗಸರ ಕೂಲಿ ಗಂಡಸರಿಗಿಂತ ಕಡಿಮೆ. 1906ರಲ್ಲಿ ಶುರುವಾದ ಪಿಂಚಣಿ ನಿಧಿ ಮೊದಲು ಗಂಡಸರಿಗಷ್ಟೇ. ಹೇಗೆ ಬದುಕಬೇಕು ಅಂತ ಮಾಲೀಕನೇ ಹೇಳುವ ಊರಲ್ಲಿ ಒಂದು ಬಗೆಯ ಅಪ್ಪನ ದರ್ಬಾರು ಇದ್ದೇ ಇರುತ್ತದೆ. ಆದರೂ ಆ ಕಾಲದ ಬೇರೆ ಕಾರ್ಖಾನೆಗಳ ಪಕ್ಕದಲ್ಲಿಟ್ಟು ನೋಡಿದರೆ ಬೋರ್ನ್‌ವಿಲ್ ನಿಜಕ್ಕೂ ಬೇರೆಯೇ ಆಗಿತ್ತು.

ಪತ್ರಿಕೆಯ ಮಾಲೀಕ

ಜಾರ್ಜ್ ರಾಜಕೀಯದಿಂದ ದೂರ ನಿಂತವನಲ್ಲ. ಬ್ರಿಟನ್ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ನಡೆಸುತ್ತಿದ್ದಾಗ ಹೆಚ್ಚಿನ ಪತ್ರಿಕೆಗಳು ಯುದ್ಧದ ಪರ ಕೂಗುತ್ತಿದ್ದವು. ಯುದ್ಧವಿರೋಧಿ ದನಿಗೆ ಒಂದು ಪತ್ರಿಕೆ ಬೇಕು ಅಂತ ಲಾಯ್ಡ್ ಜಾರ್ಜ್ ಒತ್ತಾಯಿಸಿದ. 1901ರಲ್ಲಿ ಜಾರ್ಜ್ ಕ್ಯಾಡ್ಬರಿ ಇತರರ ಜತೆ ಸೇರಿ ಡೈಲಿ ನ್ಯೂಸ್ ಕೊಂಡ. ಮುಂದೆ ಅದು ಆತನೊಬ್ಬನದೇ ಆಯಿತು. ವೃದ್ಧಾಪ್ಯ ಪಿಂಚಣಿಗಾಗಿ ಆ ಪತ್ರಿಕೆ ಹೋರಾಡಿತು. ಮನೆಯಲ್ಲೇ ಕೂತು ಪುಡಿಗಾಸಿಗೆ ಬಟ್ಟೆ ಹೊಲಿಯುವ, ಬೆಂಕಿಪೊಟ್ಟಣ ಅಂಟಿಸುವ ಹೆಂಗಸರ ಪಾಡನ್ನು ತೋರಿಸಲು 1906ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನ ಏರ್ಪಡಿಸಿತು. 1909ರಲ್ಲಿ ಅಂಥ ಕೆಲವು ಕಸುಬುಗಳಿಗೆ ಕನಿಷ್ಠ ಕೂಲಿ ನಿಗದಿ ಮಾಡುವ ಕಾನೂನು ಬಂತು.

ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ಚೀನಾದಿಂದ ಕೂಲಿಗಳನ್ನು ಕರಾರಿನ ಮೇಲೆ ತಂದು ಕೂಡಿಹಾಕಿದ್ದರು. ಇದು ಗುಲಾಮಗಿರಿಯಲ್ಲದೆ ಇನ್ನೇನು ಅಂತ ಡೈಲಿ ನ್ಯೂಸ್ ಆರ್ಭಟಿಸಿತು. 1906ರ ಚುನಾವಣೆಯಲ್ಲಿ ಲಿಬರಲ್ ಪಕ್ಷಕ್ಕೆ ಅದೊಂದು ದೊಡ್ಡ ಅಸ್ತ್ರವೇ ಆಯಿತು. ಇಲ್ಲಿಂದ ಕತೆ ತಿರುಗುತ್ತದೆ.

ಆಸ್ತಿ ಪಟ್ಟಿಯಲ್ಲಿ ಮನುಷ್ಯರು

ಆಫ್ರಿಕಾದ ಪಶ್ಚಿಮಕ್ಕೆ ಸಮುದ್ರದಲ್ಲಿ ಸಾವೊ ಟೊಮೆ ಮತ್ತು ಪ್ರಿನ್ಸಿಪೆ ಎಂಬ ಎರಡು ದ್ವೀಪಗಳಿವೆ. ಆಗ ಪೋರ್ಚುಗೀಸರ ಕೈಯಲ್ಲಿದ್ದವು. 1900ರ ಹೊತ್ತಿಗೆ ಕ್ಯಾಡ್ಬರಿ ಕೊಳ್ಳುತ್ತಿದ್ದ ಕೋಕೋದಲ್ಲಿ ಅರ್ಧದಷ್ಟು ಅಲ್ಲಿಂದಲೇ ಬರುತ್ತಿತ್ತು.

1901ರಲ್ಲಿ ರಿಚರ್ಡ್‌ನ ಮಗ ವಿಲಿಯಂ ಕ್ಯಾಡ್ಬರಿಯ ಕೈಗೆ ಒಂದು ಕಾಗದ ಬಂತು. ಸಾವೊ ಟೊಮೆಯ ತೋಟವೊಂದು ಮಾರಾಟಕ್ಕಿತ್ತು, ಅದರ ಆಸ್ತಿ ಪಟ್ಟಿ ಅದು. ತೋಟದ ಉಳಿದ ಆಸ್ತಿಯ ಜತೆ ಕೂಲಿಯಾಳುಗಳಿಗೂ ತಲೆಗಿಷ್ಟು ಅಂತ ಬೆಲೆ ಕಟ್ಟಿದ್ದರು. ಪೋರ್ಚುಗಲ್ ಕಾಗದದ ಮೇಲೆ 1870ರ ದಶಕದಲ್ಲೇ ಗುಲಾಮಗಿರಿ ರದ್ದು ಮಾಡಿತ್ತು. ಇವರಿಗೆ ಸೆರ್ವಿಸೈಸ್ ಅಂತ ಹೆಸರು, ಐದು ವರ್ಷದ ಕರಾರು, ಲೆಕ್ಕಕ್ಕೆ ಸಂಬಳ. ವಾಸ್ತವದಲ್ಲಿ ಅಂಗೋಲಾದ ಒಳನಾಡಿನಿಂದ ಜನರನ್ನು ಹಿಡಿದು, ಕೊಂಡು, ನೂರಾರು ಮೈಲಿ ನಡೆಸಿ, ಹಡಗಿಗೆ ಹತ್ತಿಸುತ್ತಿದ್ದರು. ಐದು ವರ್ಷ ಮುಗಿದರೂ ಯಾರೂ ಊರಿಗೆ ವಾಪಸ್ ಬರುತ್ತಿರಲಿಲ್ಲ. ಕರಾರು ತಾನಾಗಿಯೇ ಮುಂದುವರಿಯುತ್ತಿತ್ತು.

ಕಂಪನಿಗೆ ವಿಷಯ ಗೊತ್ತಾಯಿತು. ಏನು ಮಾಡಿದರು? 1903ರಲ್ಲಿ ವಿಲಿಯಂ ಲಿಸ್ಬನ್‌ಗೆ ಹೋಗಿ ತೋಟದ ಮಾಲೀಕರನ್ನೂ ಅಧಿಕಾರಿಗಳನ್ನೂ ಕಂಡ. ಸುಧಾರಣೆಯ ಕಾನೂನು ಬರ್ತಿದೆ, ಸ್ವಲ್ಪ ತಾಳಿ ಅಂದರು. ಜೋಸೆಫ್ ಬರ್ಟ್ ಎಂಬಾತನನ್ನು ತನಿಖೆಗೆ ಗೊತ್ತುಮಾಡಿದರು. ಆತ ಮೊದಲು ಪೋರ್ಚುಗೀಸ್ ಭಾಷೆ ಕಲಿಯಬೇಕಿತ್ತು. ಹೊರಟಿದ್ದು 1905ರಲ್ಲಿ, ವರದಿ ಕೊಟ್ಟಿದ್ದು 1907ರಲ್ಲಿ. ಬ್ರಿಟಿಷ್ ವಿದೇಶಾಂಗ ಇಲಾಖೆ ಕೂಡ ಅವಸರ ಬೇಡ ಅಂತಲೇ ಹೇಳುತ್ತಿತ್ತು. ದಕ್ಷಿಣ ಆಫ್ರಿಕಾದ ಗಣಿಗಳಿಗೆ ಪೋರ್ಚುಗೀಸ್ ಮೊಜಾಂಬಿಕ್‌ನಿಂದ ಕೂಲಿಗಳು ಬೇಕಿದ್ದರು, ಪೋರ್ಚುಗಲ್ ಮುನಿಸಿಕೊಳ್ಳುವುದು ಸರ್ಕಾರಕ್ಕೆ ಬೇಡವಾಗಿತ್ತು.

ಈ ನಡುವೆ ಹೆನ್ರಿ ನೆವಿನ್ಸನ್ ಎಂಬ ಪತ್ರಕರ್ತ ಯಾರ ಅಪ್ಪಣೆಗೂ ಕಾಯದೆ 1904ರ ಕೊನೆಯಲ್ಲಿ ಅಂಗೋಲಾಕ್ಕೆ ಹೊರಟ. ಗುಲಾಮರನ್ನು ನಡೆಸಿಕೊಂಡು ಬರುವ ದಾರಿಯಲ್ಲಿ ತಾನೂ ನಡೆದ. ಬಿಚ್ಚಿ ಎಸೆದ ಮರದ ಕೋಳಗಳನ್ನೂ ಸತ್ತವರ ಮೂಳೆಗಳನ್ನೂ ದಾರಿಯುದ್ದಕ್ಕೂ ಕಂಡ. ಹಡಗಿನಲ್ಲಿ ದ್ವೀಪಗಳಿಗೂ ಹೋದ. 1906ರಲ್ಲಿ ಆತನ ಪುಸ್ತಕ ಬಂತು. ಕಂಪನಿಯ ತನಿಖಾಧಿಕಾರಿ ಇನ್ನೂ ವರದಿ ಕೊಟ್ಟಿರಲಿಲ್ಲ.

ಕ್ಯಾಡ್ಬರಿಯವರ ವಾದವನ್ನೂ ನ್ಯಾಯವಾಗಿ ಹೇಳಬೇಕು. ನಾವು ಕೊಳ್ಳುವುದು ನಿಲ್ಲಿಸಿದರೆ ಬೇರೆಯವರು ಕೊಳ್ಳುತ್ತಾರೆ, ಕೊಳ್ಳುವವರಾಗಿ ಉಳಿದರೆ ಒತ್ತಡ ಹಾಕಬಹುದು ಅನ್ನುವುದು ಅವರ ಲೆಕ್ಕ. ಇದು ಪೂರ್ತಿ ನೆಪ ಅಂತ ನಾನು ಹೇಳಲ್ಲ. ವಿಲಿಯಂ 1908ರಲ್ಲಿ ತಾನೇ ದ್ವೀಪಗಳಿಗೂ ಅಂಗೋಲಾಕ್ಕೂ ಹೋಗಿ ಬಂದ. ಕಂಪನಿ ಖರ್ಚು ಮಾಡಿತು, ಓಡಾಡಿತು. ಆದರೆ ಕೊಳ್ಳುವುದನ್ನು ಒಂದು ದಿನವೂ ನಿಲ್ಲಿಸಲಿಲ್ಲ. 1901ರಿಂದ 1908ರವರೆಗೆ ಆ ದ್ವೀಪಗಳ ಕೋಕೋಗೆ ಕ್ಯಾಡ್ಬರಿ ಕೊಟ್ಟ ಹಣ ಹತ್ತು ಲಕ್ಷ ಪೌಂಡಿಗೂ ಹೆಚ್ಚು. ಡೈರಿ ಮಿಲ್ಕ್ ಹುಟ್ಟಿದ್ದು ಸರಿಯಾಗಿ ಈ ವರ್ಷಗಳ ನಡುವೆ. ಚೀನೀ ಕೂಲಿಗಳಿಗಾಗಿ ಡೈಲಿ ನ್ಯೂಸ್ ಗುಡುಗಿದ್ದೂ ಈ ವರ್ಷಗಳಲ್ಲೇ. ಬೋರ್ನ್‌ವಿಲ್‌ನ ಹಣ್ಣಿನ ಗಿಡಗಳು ಫಲ ಬಿಡುತ್ತಿದ್ದುದೂ ಆಗಲೇ.

ಒಂದು ಫಾರ್ದಿಂಗ್

1908ರ ಸೆಪ್ಟೆಂಬರ್ 26ರಂದು ಸ್ಟ್ಯಾಂಡರ್ಡ್ ಎಂಬ ಕನ್ಸರ್ವೇಟಿವ್ ಪತ್ರಿಕೆ ಒಂದು ಸಂಪಾದಕೀಯ ಬರೆಯಿತು. ಮನೆಯಲ್ಲಿ ಕಾರ್ಮಿಕರಿಗೆ ತೋಟ ಮೈದಾನ ಕೊಡುವವರು, ಚೀನೀ ಕೂಲಿಗಳಿಗೆ ಕಣ್ಣೀರು ಹಾಕುವವರು, ಗುಲಾಮರು ಬೆಳೆದ ಕೋಕೋ ಬಗ್ಗೆ ಮಾತ್ರ ಯಾಕೆ ಸುಮ್ಮನಿದ್ದಾರೆ ಎಂಬುದು ಅದರ ಸಾರ. ಬರೆದವರಿಗೆ ಅಂಗೋಲಾದ ಜನರ ಮೇಲೆ ಪ್ರೀತಿ ಉಕ್ಕಿತ್ತು ಅಂತ ನಂಬುವ ಅಗತ್ಯವಿಲ್ಲ. ಎದುರು ಪಕ್ಷದ ಪತ್ರಿಕೆ ಮಾಲೀಕನನ್ನು ಹಣಿಯಲು ಸಿಕ್ಕ ಅವಕಾಶ ಅದು. ಆದರೆ ದುರುದ್ದೇಶದಿಂದ ಕೇಳಿದ ಪ್ರಶ್ನೆಯೂ ಸರಿಯಾದ ಪ್ರಶ್ನೆ ಆಗಿರಬಹುದು.

ಕ್ಯಾಡ್ಬರಿ ಕಂಪನಿ ಮಾನನಷ್ಟ ಮೊಕದ್ದಮೆ ಹೂಡಿತು. 1909ರ ಮಾರ್ಚ್‌ನಲ್ಲಿ ಕ್ಯಾಡ್ಬರಿ, ಫ್ರೈ, ರೌಂಟ್ರಿ ಮೂವರೂ ಸಾವೊ ಟೊಮೆ ಕೋಕೋವನ್ನು ಬಹಿಷ್ಕರಿಸಿದರು. ಗೊತ್ತಾಗಿ ಎಂಟು ವರ್ಷದ ಮೇಲೆ. ಡಿಸೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ನ್ಯಾಯಾಲಯದಲ್ಲಿ ತೀರ್ಪು ಬಂತು. ಸ್ಟ್ಯಾಂಡರ್ಡ್ ಪರ ವಾದಿಸಿದ ಎಡ್ವರ್ಡ್ ಕಾರ್ಸನ್, ಗೊತ್ತಾದ ದಿನದಿಂದ ನಿಲ್ಲಿಸಿದ ದಿನದವರೆಗೆ ಎಷ್ಟು ಹಣದ ಕೋಕೋ ಕೊಂಡಿರಿ ಅನ್ನುವುದನ್ನೇ ಹಿಡಿದು ಜಗ್ಗಿದ. ಜ್ಯೂರಿ ಕ್ಯಾಡ್ಬರಿಯನ್ನು ಗೆಲ್ಲಿಸಿತು, ಮಾನನಷ್ಟ ಆಗಿದೆ ಅಂತ ಒಪ್ಪಿತು. ಪರಿಹಾರ ಮಾತ್ರ ಒಂದು ಫಾರ್ದಿಂಗ್. ಅಂದರೆ ಪೆನ್ನಿಯ ಕಾಲು ಭಾಗ, ಆ ದೇಶದ ಅತಿ ಸಣ್ಣ ನಾಣ್ಯ. ಅವರ ಊರಿನ ಜನರೇ ಅವರ ಮಾನಕ್ಕೆ ಕಟ್ಟಿದ ಬೆಲೆ ಅಷ್ಟು.

ಜಾರ್ಜ್ ಆಮೇಲೂ ಹದಿಮೂರು ವರ್ಷ ಬದುಕಿದ. ಮೊದಲ ಮಹಾಯುದ್ಧ ಕಂಡ. 1922ರ ಅಕ್ಟೋಬರ್ 24ರಂದು, 83ನೇ ವಯಸ್ಸಿನಲ್ಲಿ ತೀರಿಕೊಂಡ. ಕೊನೆಯವರೆಗೂ ಸರಳವಾಗಿಯೇ ಇದ್ದ.

ಗೇಟಿನ ಆಚೆ

ಸಾವೊ ಟೊಮೆ ಬಿಟ್ಟ ಕ್ಯಾಡ್ಬರಿ ಹೋಗಿದ್ದು ಇವತ್ತಿನ ಘಾನಾಕ್ಕೆ. ಅಲ್ಲಿ ದೊಡ್ಡ ತೋಟಗಳಿರಲಿಲ್ಲ, ಸಣ್ಣ ರೈತರು ತಮ್ಮ ಹೊಲದಲ್ಲಿ ಬೆಳೆಯುತ್ತಿದ್ದರು. ಗುಲಾಮಗಿರಿ ಇಲ್ಲ ಅಂತಾಯಿತು. ಬೆಲೆ? 1937ರಲ್ಲಿ ಕ್ಯಾಡ್ಬರಿಯೂ ಸೇರಿದಂತೆ ಯೂರೋಪಿನ ಖರೀದಿ ಕಂಪನಿಗಳು ಒಳಗೊಳಗೇ ಒಪ್ಪಂದ ಮಾಡಿಕೊಂಡು ಪೈಪೋಟಿ ನಿಲ್ಲಿಸಿದವು. ರೈತರು ಕೋಕೋ ಮಾರುವುದಿಲ್ಲ ಅಂತ ಕೂತರು, ಬ್ರಿಟಿಷ್ ಸರಕನ್ನೂ ಬಹಿಷ್ಕರಿಸಿದರು. ತಿಂಗಳುಗಟ್ಟಲೆ ನಡೆದ ಆ ಹೋರಾಟ ಲಂಡನ್ನಿನಿಂದ ವಿಚಾರಣಾ ಆಯೋಗ ಬರುವಂತೆ ಮಾಡಿತು. ಒಳ್ಳೆಯ ಮಾಲೀಕರ ಒಳ್ಳೆಯತನ ಕೊಡದ್ದನ್ನು ಬೆಳೆಗಾರರ ಒಗ್ಗಟ್ಟು ಕೇಳಿ ಪಡೆಯಲು ಹೊರಟಿತ್ತು.

ಇದೇ ಪಾಠ ನಮ್ಮ ಕರ್ನಾಟಕದಲ್ಲೂ ಇದೆ. 1948ರಲ್ಲಿ ಭಾರತಕ್ಕೆ ಬಂದ ಕ್ಯಾಡ್ಬರಿ 1960ರ ದಶಕದ ನಡುವಿನಿಂದ ಇಲ್ಲಿ ಕೋಕೋ ಬೆಳೆಯಲು ಪ್ರೋತ್ಸಾಹ ಕೊಟ್ಟಿತು. ಕೇರಳ, ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಲ್ಲಿ ಕೋಕೋ ಗಿಡಗಳು ಎದ್ದವು. 1979-80ರ ಹೊತ್ತಿಗೆ ಜಾಗತಿಕ ಬೆಲೆ ಕುಸಿದಾಗ ಖಾಸಗಿ ಖರೀದಿದಾರರು ಮಾರುಕಟ್ಟೆಯಿಂದ ಹಿಂದೆ ಸರಿದರು. ಕಾಯಿ ಗಿಡದಲ್ಲೇ ಉಳಿದವು. ಆಗ ಮುಂದೆ ಬಂದದ್ದು ಕ್ಯಾಂಪ್ಕೊ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಹುಟ್ಟಿದ, ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರ ಸಹಕಾರಿ ಅದು. ಕೋಕೋ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕಲೇಟ್ ಕಾರ್ಖಾನೆ ತೆರೆಯಿತು. ಬೆಳೆಗಾರರೇ ಮಾಲೀಕರಾದ ಚಾಕಲೇಟ್ ಬಾರ್ ನಮ್ಮ ರಾಜ್ಯದಲ್ಲೇ ತಯಾರಾಗುತ್ತದೆ. ನಮ್ಮೂರ ಅಂಗಡಿಯ ಫ್ರಿಜ್‌ನಲ್ಲಿ ಅದು ನನಗೆ ಕಾಣಲಿಲ್ಲ ಅನ್ನುವುದು ಬೇರೆ ಮಾತು.

ಕ್ಯಾಡ್ಬರಿ ಈಗ ಆ ಮನೆತನದ ಕೈಯಲ್ಲಿಲ್ಲ. 2010ರಲ್ಲಿ ಅಮೆರಿಕದ ಕ್ರಾಫ್ಟ್ ಕೊಂಡಿತು, ಈಗ ಮಾಂಡಲೀಜ್ ಒಡೆತನದಲ್ಲಿದೆ. ಕೋಕೋ ಪ್ರಶ್ನೆ ಮಾತ್ರ ಹಾಗೇ ಇದೆ. ಘಾನಾ ಮತ್ತು ಐವರಿ ಕೋಸ್ಟ್‌ನ ಕೋಕೋ ಕೃಷಿಯಲ್ಲಿ ಸುಮಾರು 15.6 ಲಕ್ಷ ಮಕ್ಕಳು ಬಾಲಕಾರ್ಮಿಕರಾಗಿದ್ದಾರೆ ಅಂತ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆ ಎನ್‌ಒಆರ್‌ಸಿ 2020ರಲ್ಲಿ ಅಂದಾಜು ಮಾಡಿತು. ಇದು ಒಂದು ಕಂಪನಿಯ ಲೆಕ್ಕವಲ್ಲ, ಇಡೀ ಉದ್ಯಮದ ಲೆಕ್ಕ. ಕಂಪನಿಗಳು ತನಿಖೆ ಮಾಡಿಸುತ್ತವೆ, ಕಾರ್ಯಕ್ರಮ ನಡೆಸುತ್ತವೆ, ಗಡುವು ಮುಂದೂಡುತ್ತವೆ. 1903ರ ಲಿಸ್ಬನ್ ನೆನಪಾಗುತ್ತದೆ.

ದೂರದ ಆಫ್ರಿಕಾವನ್ನೇ ಯಾಕೆ ನೋಡಬೇಕು? ಅಕ್ಕನ ಮಗಳು ಎಸೆದ ಹೊದಿಕೆ ಎತ್ತಿ ನೋಡಿದೆ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರೇ ಸಕ್ಕರೆ. ಸಕ್ಕರೆ ನಮ್ಮ ಕಡೆಯ ವಿಷಯ. ಅವ್ವ ಬದುಕಿಡೀ ಕಬ್ಬಿನ ಹೊಲದಾಗ ಕಳೆ ತೆಗೆದಾಕಿ. ಅಪ್ಪ ಕಬ್ಬು ಹಾಕಿದ ಒಂದು ವರ್ಷ ಕಾರ್ಖಾನೆಯೊಂದಕ್ಕೆ ಕಳಿಸಿದ. ಕಬ್ಬು ಮುಟ್ಟಿದ 14 ದಿನದೊಳಗೆ ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ನಮಗೆ ಬಿಲ್ ಬಂದದ್ದು ಮುಂದಿನ ಹಂಗಾಮಿಗೆ. ಅದಕ್ಕಿಂತ ಕಷ್ಟ ಕಬ್ಬು ಕಡಿಯುವವರದು. ಮರಾಠವಾಡದಿಂದ ಗಂಡ ಹೆಂಡತಿ ಜೋಡಿಯಾಗಿ ಬರುತ್ತಾರೆ, ಮುಂಗಡ ತಗೊಂಡು. ಮುಂಗಡ ತೀರದಿದ್ದರೆ ಮುಂದಿನ ವರ್ಷವೂ ಬರಬೇಕು. ರಜೆ ಹಾಕಿದರೆ ಕೂಲಿ ಕಡಿತ ಅನ್ನುವ ಹೆದರಿಕೆಗೆ ಬೀಡ್ ಜಿಲ್ಲೆಯ ಹೆಂಗಸರು ಗರ್ಭಕೋಶ ತೆಗೆಸಿಕೊಂಡದ್ದು 2019ರಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ತೀರದ ಕರಾರು, ಮುಗಿಯದ ಸಾಲ. ಸಾವೊ ಟೊಮೆಯ ಕೋಳ ಇಲ್ಲಿಲ್ಲ ನಿಜ. ಕೋಳ ಇಲ್ಲದೆಯೂ ಮನುಷ್ಯರನ್ನು ಕಟ್ಟಿಹಾಕಬಹುದು.

ನಮ್ಮ ಕಡೆ ಆಯ್ದಕ್ಕಿ ಲಕ್ಕಮ್ಮನ ಕತೆ ಎಲ್ಲರಿಗೂ ಗೊತ್ತು. ಗಂಡ ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ದಾಸೋಹಕ್ಕೇ ತಾನೆ, ಇರಲಿ ಬಿಡು ಅನ್ನಲಿಲ್ಲ ಲಕ್ಕಮ್ಮ. ಈ ಹೆಚ್ಚಿನದು ಎಲ್ಲಿಂದ ಬಂತು ಅಂತ ಕೇಳಿದಳು. ವಾಪಸ್ ಸುರಿದು ಬಾ ಅಂದಳು. ಅದೇ ದಿನ ಅಂದಳು, ತನಿಖೆ ಮುಗಿಯಲಿ ಅಂತ ಕಾಯಲಿಲ್ಲ.

ಜಾರ್ಜ್ ಕ್ಯಾಡ್ಬರಿ ಹಂಚುವುದರಲ್ಲಿ ದೊಡ್ಡವನು. ಬಂದದ್ದು ಎಲ್ಲಿಂದ ಅನ್ನುವ ಪ್ರಶ್ನೆಗೆ ಎಂಟು ವರ್ಷ ತಗೊಂಡ. ಕೋಕೋ ಪುಡಿಯಲ್ಲಿ ಪಿಷ್ಟ ಇರಬಾರದು ಅನ್ನುವ ಶುದ್ಧತೆ ಆತನಿಗೆ ಬೇಗ ಅರ್ಥವಾಯಿತು, ಬೀಜದ ಹಿಂದಿನ ಕೈಗಳ ವಿಷಯದಲ್ಲಿ ತಡವಾಯಿತು. ಕಾರ್ಖಾನೆಯ ಗೇಟಿನೊಳಗೆ ಆತ ಎಲ್ಲರ ಮುಖ ನೋಡುತ್ತಿದ್ದ. ಗೇಟಿನ ಆಚೆಯವರು ಕಾಗದದಲ್ಲಿನ ಸಂಖ್ಯೆಯಾಗಿದ್ದರು. ಆತ ಕಪಟಿ ಅಂತ ಬೈದು ಮುಗಿಸುವುದು ಸುಲಭ. ನನಗೆ ಕಾಡುವುದು ಆತ ಕಪಟಿಯಾಗಿರಲಿಲ್ಲ ಅನ್ನುವುದೇ. ಅಷ್ಟು ಒಳ್ಳೆಯವನಿಗೇ ಎಂಟು ವರ್ಷ ಬೇಕಾಯಿತು ಅಂದರೆ, ಮಾಲೀಕರ ಒಳ್ಳೆಯತನವನ್ನು ನಂಬಿ ನಾವು ಕೂರುವಂತಿಲ್ಲ. ನೆವಿನ್ಸನ್‌ನಂತೆ ಹೋಗಿ ನೋಡುವವರು ಬೇಕು, ಘಾನಾದ ರೈತರಂತೆ ಮಾರಲ್ಲ ಅನ್ನುವವರು ಬೇಕು, ಪುತ್ತೂರಿನವರಂತೆ ತಾವೇ ಕಾರ್ಖಾನೆ ಕಟ್ಟುವವರು ಬೇಕು.

ರಾತ್ರಿ ಊಟಕ್ಕೆ ಕೂತಾಗ ಅಕ್ಕನ ಮಗಳಿಗೆ ಉತ್ತರ ಹೇಳಿದೆ. ಛೊಲೊ ಮನಷ್ಯಾನೇ ಇದ್ದ, ಆದ್ರ ಕೋಕೋ ಯಾರ್ ಬೆಳೀತಾರ ಅಂತ ಕೇಳೋದು ತಡಾ ಮಾಡ್ದ ಅಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಹಂಗಾದ್ರ ಈಗ ಯಾರ್ ಬೆಳೀತಾರ ಅಂತ ಕೇಳಿದಳು.